ಬಿಳಿಚಿದ ಕಾರಿನ ಬಣ್ಣ: ಹತ್ತಿ, ಅಗಸಿ, ಔಡಲದ ಒಂದು ಚರಿತ್ರೆ

ಯಾವ ಊರಿಗೆ ಹೋದರೂ ಒಂದಾದರೂ ಹಳೆಯ ಕಾರು ಕಣ್ಣಿಗೆ ಬೀಳುತ್ತದೆ. ಗೌಡರ ವಾಡೆಯ ಮುಂದೆ ಅಂಬಾಸಿಡರ್, ನಿವೃತ್ತ ಮಾಸ್ತರ ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಪ್ರೀಮಿಯರ್ ಪದ್ಮಿನಿ, ಬೇವಿನ ಗಿಡದ ಕೆಳಗೆ ಮಾರುತಿ 800. ಎಂಜಿನ್ ಇನ್ನೂ ಓಡುತ್ತಿರುತ್ತದೆ. ಆದರೆ ಬಾನೆಟ್ ಮತ್ತು ಟಾಪ್ ಮಾತ್ರ ಬಿಳಿಚಿಕೊಂಡಿರುತ್ತವೆ. ಕೆಂಪು ಕಾರು ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ, ಕಡುನೀಲಿ ಬೂದಿ ಬಳಿದಂತೆ ಕಾಣುತ್ತದೆ. ಗ್ಯಾರೇಜಿಗೆ ಒಯ್ದರೆ ಬರುವ ಮೊದಲ ಮಾತು: "ಬಣ್ಣ ಹೋಗೇತಿ, ಫುಲ್ ಪೇಂಟ್ ಹೊಡಸ್ರಿ."

ಬಣ್ಣ ನಿಜಕ್ಕೂ ಹೋಗಿದೆಯೇ? ಬಹಳಷ್ಟು ಹಳೆಯ ಕಾರುಗಳಲ್ಲಿ ಹೋಗಿರುವುದಿಲ್ಲ. ಸತ್ತಿರುವುದು ಮೇಲಿನ ಒಂದು ತೆಳು ಪದರ ಮಾತ್ರ. ಅದರ ಕೆಳಗೆ ಕಾರ್ಖಾನೆಯಲ್ಲಿ ಹೊಡೆದ ಬಣ್ಣ ಹಾಗೇ ಇರುತ್ತದೆ. ಯಾವ ಕಾರಿನಲ್ಲಿ ಅದು ಉಳಿದಿದೆ, ಯಾವುದರಲ್ಲಿ ಉಳಿದಿಲ್ಲ ಎಂದು ತಿಳಿಯಬೇಕಾದರೆ ಕಾರಿನ ಬಣ್ಣ ಎಲ್ಲಿಂದ ಬಂತು ಎಂಬ ಕಥೆ ಗೊತ್ತಿರಬೇಕು. ಆ ಕಥೆ ಅಮೆರಿಕದ ಕಾರ್ಖಾನೆಗಳಲ್ಲಿ ನಡೆದದ್ದು. ಆದರೆ ಅದರಲ್ಲಿ ಬರುವ ಹತ್ತಿ, ಅಗಸಿ, ಔಡಲ ನಮ್ಮ ಹೊಲಗಳಿಗೆ ಹೊಸವಲ್ಲ.

ಕುದುರೆ ಗಾಡಿಯ ಬಣ್ಣ

ಮೊದಮೊದಲ ಕಾರುಗಳಿಗೆ ಪ್ರತ್ಯೇಕ ಬಣ್ಣ ಎಂಬುದೇ ಇರಲಿಲ್ಲ. ಕುದುರೆ ಸಾರೋಟಿಗೆ ಬಳಿಯುತ್ತಿದ್ದ ಬಣ್ಣವನ್ನೇ ಕಾರಿಗೂ ಬಳಿಯುತ್ತಿದ್ದರು. ಅಗಸಿ ಎಣ್ಣೆಯಲ್ಲಿ ಬಣ್ಣದ ಪುಡಿ ಅರೆದು, ಬ್ರಷ್‌ನಿಂದ ಬಳಿದು, ಮೇಲೆ ವಾರ್ನಿಶ್ ಕೊಡುವುದು. ಅಗಸಿ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಒಂದು ಕೋಟ್ ಒಣಗಬೇಕು, ಅದನ್ನು ಉಜ್ಜಬೇಕು, ಮತ್ತೊಂದು ಕೋಟ್ ಬಳಿಯಬೇಕು. ಒಂದು ಕಾರಿಗೆ ವಾರಗಟ್ಟಲೆ ಹಿಡಿಯುತ್ತಿತ್ತು.

ಕೈಯಲ್ಲಿ ಒಂದೊಂದೇ ಕಾರು ಕಟ್ಟುವ ಕಾಲಕ್ಕೆ ಇದು ನಡೆಯುತ್ತಿತ್ತು. 1913ರಲ್ಲಿ ಹೆನ್ರಿ ಫೋರ್ಡ್ ಅಮೆರಿಕದ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಕಾರುಗಳನ್ನು ಸಾಲಾಗಿ ಜೋಡಿಸುವ ವ್ಯವಸ್ಥೆ ತಂದ ಮೇಲೆ ತೊಡಕಾಯಿತು. ಕಾರು ಬೇಗ ತಯಾರಾಗುತ್ತದೆ, ಬಣ್ಣ ಒಣಗುವುದಿಲ್ಲ. ಆಗ ಫೋರ್ಡ್ ಕಂಪನಿ ಹಿಡಿದ ದಾರಿ ಕಪ್ಪು ಬಣ್ಣ. 1914ರಿಂದ 1925ರವರೆಗೆ ಅದರ ಮಾಡೆಲ್ ಟಿ ಕಾರು ಕಪ್ಪಿನಲ್ಲಿ ಮಾತ್ರ ಸಿಗುತ್ತಿತ್ತು. ಡಾಂಬರಿನ ಜಾತಿಯ ವಸ್ತುವಿನಿಂದ ಮಾಡಿದ ಆ ಕಪ್ಪು ಎನಾಮೆಲ್ ಅಗ್ಗ, ಗಟ್ಟಿ, ಒಲೆಯಲ್ಲಿ ಬೇಯಿಸಿದರೆ ಬೇಗ ಒಣಗುವಂಥದ್ದು. ಬೇರೆ ಬಣ್ಣಗಳಿಗೆ ಆ ಗುಣ ಇರಲಿಲ್ಲ.

ಮದ್ದಿನ ಹತ್ತಿ ಬಣ್ಣವಾಯಿತು

ಬಣ್ಣದ ಬಾಗಿಲು ತೆರೆದದ್ದು ಹತ್ತಿ. ಜಿನ್ನಿಂಗ್‌ನಲ್ಲಿ ಉದ್ದ ಎಳೆ ತೆಗೆದ ಮೇಲೂ ಕಾಳಿಗೆ ಸಣ್ಣ ನಾರು ಅಂಟಿಕೊಂಡಿರುತ್ತದೆಯಲ್ಲ, ಅದಕ್ಕೆ ಲಿಂಟರ್ ಎನ್ನುತ್ತಾರೆ. ಆ ನಾರನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲದಲ್ಲಿ ನೆನೆಸಿದರೆ ನೈಟ್ರೋಸೆಲ್ಯುಲೋಸ್ ಆಗುತ್ತದೆ. ನೋಡಲು ಹತ್ತಿಯಂತೆಯೇ ಇರುತ್ತದೆ, ಕಿಡಿ ತಾಗಿದರೆ ಭಗ್ ಎಂದು ಉರಿದುಹೋಗುತ್ತದೆ. ಮೊದಲ ಮಹಾಯುದ್ಧದಲ್ಲಿ ತೋಪು, ಬಂದೂಕುಗಳಿಗೆ ಹೊಗೆಯಿಲ್ಲದ ಮದ್ದು ತಯಾರಾದದ್ದು ಇದರಿಂದಲೇ. ಹಳೆಯ ಸಿನಿಮಾ ರೀಲು ಕೂಡ ಇದೇ ವಸ್ತು.

ಯುದ್ಧ 1918ಕ್ಕೆ ಮುಗಿಯಿತು. ಮದ್ದು ತಯಾರಿಸುತ್ತಿದ್ದ ಡ್ಯುಪಾಂಟ್ ಕಂಪನಿಗೆ ನೈಟ್ರೋಸೆಲ್ಯುಲೋಸ್ ಮಾಡುವ ದೊಡ್ಡ ಕಾರ್ಖಾನೆಗಳಿದ್ದವು, ಮದ್ದು ಕೊಳ್ಳುವವರು ಕಡಿಮೆಯಾದರು. ಇದೇ ಕಂಪನಿ ಜನರಲ್ ಮೋಟಾರ್ಸ್‌ನಲ್ಲೂ ದೊಡ್ಡ ಪಾಲು ಹೊಂದಿತ್ತು. ನೈಟ್ರೋಸೆಲ್ಯುಲೋಸ್ ಅನ್ನು ತೆಳ್ಳಗೆ ಕರಗಿಸಿ, ಅದರಲ್ಲಿ ಸಾಕಷ್ಟು ಬಣ್ಣದ ಪುಡಿ ಬೆರೆಸಿ ಗನ್ನಿನಲ್ಲಿ ಹೊಡೆಯುವ ವಿಧಾನ ಸಿಕ್ಕಿದ್ದು ಆಗಲೇ. ಥಿನ್ನರ್ ಆವಿಯಾದರೆ ಸಾಕು, ಬಣ್ಣ ಒಣಗಿತು. ವಾರಗಟ್ಟಲೆಯ ಕೆಲಸ ಕೆಲವೇ ದಿನಕ್ಕೆ, ಆಮೇಲೆ ಗಂಟೆಗಳ ಲೆಕ್ಕಕ್ಕೆ ಇಳಿಯಿತು. 1923ರಲ್ಲಿ ಜನರಲ್ ಮೋಟಾರ್ಸ್‌ನ ಓಕ್‌ಲ್ಯಾಂಡ್ ಕಾರು 'ಟ್ರೂ ಬ್ಲೂ' ಎಂಬ ನೀಲಿ ಬಣ್ಣದಲ್ಲಿ ಹೊರಬಂತು. ಆ ಬಣ್ಣದ ವ್ಯಾಪಾರದ ಹೆಸರು ಡ್ಯೂಕೋ.

ಈ ಹೆಸರು ನಿಮಗೆ ಪರಿಚಯ ಇರಬಹುದು. ಇವತ್ತಿಗೂ ನಮ್ಮ ಬಡಗಿಗಳು ಕಪಾಟಿಗೆ 'ಡ್ಯೂಕೋ ಹೊಡಿಸಬೇಕು' ಎನ್ನುತ್ತಾರೆ. ಗ್ಯಾರೇಜಿನಲ್ಲಿ 'ಎನ್‌ಸಿ ಪೇಂಟ್' ಎನ್ನುವುದೂ ಇದನ್ನೇ. ಎನ್‌ಸಿ ಅಂದರೆ ನೈಟ್ರೋಸೆಲ್ಯುಲೋಸ್.

ಒಣಗಿದ ನೈಟ್ರೋಸೆಲ್ಯುಲೋಸ್ ಬಲು ಬಿರುಸು, ತಾನಾಗಿ ಸೀಳು ಬಿಡುತ್ತದೆ. ಅದು ಬಾಗಬೇಕಾದರೆ ಮೆತ್ತಗಾಗಿಸುವ ಎಣ್ಣೆ ಬೇಕು. ಅದಕ್ಕೆ ಬಳಸಿದವುಗಳಲ್ಲಿ ಹರಳೆಣ್ಣೆಯೂ ಒಂದು, ಅಂದರೆ ನಮ್ಮ ಔಡಲದ ಎಣ್ಣೆ. ಮುಂದೆ 1920ರ ದಶಕದ ಕೊನೆಗೆ ಬಂದ ಅಲ್ಕಿಡ್ ಎನಾಮೆಲ್‌ಗೆ ಮತ್ತೆ ಅಗಸಿಯಂಥ ಒಣಗುವ ಎಣ್ಣೆಗಳೇ ಮೂಲವಾದವು. ಇವತ್ತು ಹಾರ್ಡ್‌ವೇರ್ ಅಂಗಡಿಯಲ್ಲಿ 'ಸಿಂಥೆಟಿಕ್ ಎನಾಮೆಲ್' ಎಂದು ಕೊಳ್ಳುವ ಡಬ್ಬಿ, ಕಿಟಕಿ ಸರಳಿಗೆ, ಟ್ರ್ಯಾಕ್ಟರ್ ಟ್ರೇಲರಿಗೆ ಬಳಿಯುವ ಬಣ್ಣ, ಇದೇ ಕುಲದ್ದು.

ಅರಗಿನ ಹೆಸರು, ಮೈಸೂರಿನ ನಂಟು

ಡ್ಯೂಕೋವನ್ನು ಇಂಗ್ಲಿಷಿನಲ್ಲಿ ಲ್ಯಾಕರ್ ಎಂದು ಕರೆದರು. ಈ ಪದದ ಬೇರು ನಮ್ಮ ಕಡೆಯದು. ಸಂಸ್ಕೃತದ ಲಾಕ್ಷಾ, ಅಂದರೆ ಅರಗು, ಹಲವು ಭಾಷೆ ದಾಟಿ ಅಲ್ಲಿಗೆ ಹೋಗಿ ಲ್ಯಾಕರ್ ಆಯಿತು. ಮುತ್ತುಗದಂಥ ಗಿಡಗಳ ಮೇಲೆ ಬದುಕುವ ಸಣ್ಣ ಹುಳು ಬಿಡುವ ಅಂಟೇ ಅರಗು. ಚನ್ನಪಟ್ಟಣದ ಬೊಂಬೆ ಹೊಳೆಯುವುದು ಅದರಿಂದಲೇ. ಡ್ಯೂಕೋದಲ್ಲಿ ಅರಗು ಇರಲಿಲ್ಲ, ಹೆಸರು ಮಾತ್ರ ಉಳಿಯಿತು. ಆದರೆ ಉರಿಯುವ ಗುಣದಲ್ಲಿ ಪಾಂಡವರ ಅರಗಿನ ಮನೆಯನ್ನೂ ಮೀರಿಸುವ ವಸ್ತು ಅದು. ಎನ್‌ಸಿ ಪೇಂಟ್ ಹೊಡೆಯುವ ಜಾಗದಲ್ಲಿ ಬೀಡಿ ಹಚ್ಚಬಾರದು ಎನ್ನುವುದು ಅದಕ್ಕೇ.

ಅರಗು ಮತ್ತು ಬಣ್ಣ ಎರಡನ್ನೂ ಹೆಸರಿನಲ್ಲೇ ಇಟ್ಟುಕೊಂಡ ಕಾರ್ಖಾನೆ ನಮ್ಮ ರಾಜ್ಯದಲ್ಲೇ ಇದೆ. 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಶುರುವಾದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಈಗ ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್. ಮತ ಹಾಕಿದಾಗ ನಮ್ಮ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರಿಂದ ಅಲ್ಲಿಂದಲೇ ಬರುತ್ತಿದೆ. ಶಾಯಿಯಿಂದ ದೇಶಕ್ಕೆಲ್ಲ ಹೆಸರಾದ ಈ ಸಂಸ್ಥೆ ಹುಟ್ಟಿದ್ದು ಅರಗು ಮತ್ತು ಬಣ್ಣಕ್ಕಾಗಿ.

ಉಜ್ಜುವುದು ರಿಪೇರಿ ಅಲ್ಲ, ಅದು ಬಣ್ಣದ ಕೊನೆಯ ಹಂತ

ಇಲ್ಲಿಗೆ ನಮ್ಮ ಮುಖ್ಯ ಮಾತು ಬರುತ್ತದೆ. ಎನ್‌ಸಿ ಬಣ್ಣ ಗನ್ನಿನಿಂದ ಹೊರಬಂದಾಗ ಹೊಳೆಯುವುದಿಲ್ಲ, ಮಂಕಾಗಿ ಒಣಗುತ್ತದೆ. ನುಣ್ಣನೆಯ ಉಪ್ಪುಕಾಗದದಿಂದ ನೀರು ಹಾಕಿ ಉಜ್ಜಿ, ಆಮೇಲೆ ರಬ್ಬಿಂಗ್ ಕಾಂಪೌಂಡ್ ಹಾಕಿ ತಿಕ್ಕಿದರೆ ಮಾತ್ರ ಕನ್ನಡಿಯ ಹೊಳಪು. ಹೊಸ ಕಾರನ್ನೇ ಕಾರ್ಖಾನೆಯಲ್ಲಿ ಹೀಗೆ ಉಜ್ಜಿ ಹೊಳೆಸುತ್ತಿದ್ದರು. ಆ ಬಣ್ಣ ಹುಟ್ಟಿದ್ದೇ ಉಜ್ಜಿಸಿಕೊಳ್ಳಲಿಕ್ಕೆ. ಹತ್ತು ವರ್ಷದ ಬಿಸಿಲಿಗೆ ಮಂಕಾದಾಗ ಮತ್ತೊಮ್ಮೆ ಉಜ್ಜುವುದು ಅದೇ ಕೆಲಸದ ಮುಂದುವರಿಕೆ. ಸಿಂಥೆಟಿಕ್ ಎನಾಮೆಲ್ ತಾನಾಗಿ ಹೊಳೆಯುತ್ತದೆ ನಿಜ. ಆದರೆ ಅದರಲ್ಲೂ ಬಣ್ಣದ ಪುಡಿ ಮೇಲಿನಿಂದ ಪ್ರೈಮರ್‌ವರೆಗೆ ಒಂದೇ ಸಮ ಇರುತ್ತದೆ. ಮೇಲಿನ ಸತ್ತ ಪದರ ತೆಗೆದರೆ ಕೆಳಗಿನ ಜೀವಂತ ಬಣ್ಣ ಸಿಗುತ್ತದೆ.

ಪದರ ಸಾಯುವುದು ಹೇಗೆ? ಬಣ್ಣದಲ್ಲಿ ಎರಡು ಮುಖ್ಯ ಭಾಗ: ಬಣ್ಣದ ಪುಡಿ, ಅದನ್ನು ಹಿಡಿದಿಟ್ಟ ಅಂಟು. ಬಿಸಿಲಿನ ಅತಿನೇರಳೆ ಕಿರಣ ಮೊದಲು ಅಂಟನ್ನು ಒಡೆಯುತ್ತದೆ. ಹಿಡಿತ ಸಡಿಲವಾದ ಪುಡಿ ಮೇಲೆ ಉಳಿಯುತ್ತದೆ, ಸುಣ್ಣದ ಗೋಡೆಗೆ ಒರಗಿದರೆ ಅಂಗಿಗೆ ಹತ್ತುವ ಹಾಗೆ ಬೆರಳಿಗೆ ಹತ್ತುತ್ತದೆ. ಆ ಒರಟು ಮೇಲ್ಮೈ ಬೆಳಕನ್ನು ಎಲ್ಲ ಕಡೆ ಚೆದುರಿಸುವುದರಿಂದ ಬಣ್ಣ ಬೆಳ್ಳಗೆ ಕಾಣುತ್ತದೆ. ಬಾನೆಟ್, ಟಾಪ್, ಡಿಕ್ಕಿ ಮೊದಲು ಹೋಗುವುದು ಬಿಸಿಲು ನೇರ ಬೀಳುವುದಕ್ಕೆ. ಬಾಗಿಲ ಬದಿಗಳು ಬಹುಕಾಲ ಚೆನ್ನಾಗಿರುತ್ತವೆ.

ಕೆಂಪು ಎಲ್ಲಕ್ಕಿಂತ ಬೇಗ ಮಾಸುವುದಕ್ಕೆ ಇನ್ನೊಂದು ಕಾರಣ ಇದೆ. ಕಾರಿಗೆ ಬಳಸಿದ ಅನೇಕ ಹೊಳೆವ ಕೆಂಪು ಪುಡಿಗಳು ಇಂಗಾಲದ ಸಂಯುಕ್ತಗಳು, ಬಿಸಿಲಿಗೆ ಅಂಟಿನ ಜೊತೆ ಅವೂ ಒಡೆಯುತ್ತವೆ. ಬಿಳಿ ಬಣ್ಣದ ಟೈಟಾನಿಯಂ ಡೈಆಕ್ಸೈಡ್ ಹಾಗೆ ಮಾಸುವುದಿಲ್ಲ. ಸರ್ಕಾರಿ ಬಿಳಿ ಅಂಬಾಸಿಡರ್ ಪುಡಿ ಬಿಡುತ್ತಿದ್ದರೂ ದೂರಕ್ಕೆ ಬೆಳ್ಳಗೇ ಕಾಣುತ್ತಿದ್ದದ್ದು ಇದಕ್ಕೇ.

ನಮ್ಮ ದೇಶದಲ್ಲಿ

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಅಂಬಾಸಿಡರ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಾಯಿತು. ಇಟಲಿಯ ಫಿಯೆಟ್ 1100 ಮಾದರಿ ಮುಂಬೈಯಲ್ಲಿ ತಯಾರಾಗಿ ಮುಂದೆ ಪ್ರೀಮಿಯರ್ ಪದ್ಮಿನಿ ಎಂದಾಯಿತು. ಹೊಸ ಕಾರು ಬೇಕೆಂದರೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ಹೀಗಾಗಿ ಇದ್ದ ಕಾರನ್ನು ಜೋಪಾನ ಮಾಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ತಾಲ್ಲೂಕಿಗೊಂದು ಟಿಂಕರಿಂಗ್-ಪೇಂಟಿಂಗ್ ಗ್ಯಾರೇಜ್ ಬೆಳೆದದ್ದು, ಕೈಯಲ್ಲಿ ತಿಕ್ಕಿ ಹೊಳಪು ತರುವ ಕಸುಬುದಾರರು ತಯಾರಾದದ್ದು ಆ ಕಾಯುವಿಕೆಯಿಂದ.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿ ಕೈ ಹಸ್ತಾಂತರವಾಯಿತು. ಮುಂದಿನ ವರ್ಷಗಳಲ್ಲಿ ಕಾಯುವುದು ಕಡಿಮೆಯಾಯಿತು, ಬಣ್ಣದ ವಿಧಾನವೂ ಬದಲಾಯಿತು. ಪೆಟ್ರೋಲಿಯಂ ಮೂಲದ ಅಕ್ರಿಲಿಕ್, ಪಾಲಿಯುರೆಥೇನ್ ಬಣ್ಣಗಳು ಹತ್ತಿ, ಅಗಸಿ, ಔಡಲವನ್ನು ಕಾರಿನ ಮೈಯಿಂದ ಕೆಳಗಿಳಿಸಿದವು. ಜಗತ್ತಿನಲ್ಲಿ 1980ರ ದಶಕದಿಂದ ವ್ಯಾಪಕವಾದ ಎರಡು ಹಂತದ ಬಣ್ಣ ನಿಧಾನವಾಗಿ ಇಲ್ಲಿಗೂ ಬಂತು. ಕೆಳಗೆ ತೆಳ್ಳಗೆ ಬಣ್ಣ, ಮೇಲೆ ಪಾರದರ್ಶಕ ಕ್ಲಿಯರ್ ಕೋಟ್. ಬಿಸಿಲನ್ನು ತಡೆಯುವ ಕೆಲಸ ಕ್ಲಿಯರ್ ಕೋಟಿನದು. ಇದು ಹಳೆಯದಕ್ಕಿಂತ ಹೆಚ್ಚು ವರ್ಷ ಹೊಳೆಯುತ್ತದೆ. ಆದರೆ ಒಮ್ಮೆ ಅದು ಒಡೆದು ಹಾವಿನ ಪೊರೆಯಂತೆ ಎದ್ದರೆ ಎಷ್ಟು ಉಜ್ಜಿದರೂ ಸರಿಹೋಗುವುದಿಲ್ಲ. ಹೊಸ ಕಾರಿನ ಅನುಭವದಿಂದ ಮಾತಾಡುವವರು ಹಳೆಯ ಕಾರಿಗೂ 'ಫುಲ್ ಪೇಂಟ್' ಎನ್ನುವುದು ಇದರಿಂದಲೇ.

ನಿಮ್ಮ ಕಾರು ಯಾವ ಜಾತಿ?

ತಿಳಿಯುವುದು ಸುಲಭ. ಕಾರನ್ನು ಚೆನ್ನಾಗಿ ತೊಳೆದು, ನೆರಳಿನಲ್ಲಿ ನಿಲ್ಲಿಸಿ, ತಗಡು ತಣ್ಣಗಾಗಲು ಬಿಡಿ. ಕಣ್ಣಿಗೆ ಬೀಳದ ಒಂದು ಕಡೆ, ಅಂಗೈಯಷ್ಟು ಜಾಗದಲ್ಲಿ ಬಿಳಿ ಹತ್ತಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಾಕಿ ತಿಕ್ಕಿ.

ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಅದು ಒಂದೇ ಹಂತದ ಬಣ್ಣ. ಅದನ್ನು ಉಳಿಸಿಕೊಳ್ಳಬಹುದು. ಬಟ್ಟೆ ಬರೀ ಕೊಳೆಯಾದರೆ ಮೇಲೆ ಕ್ಲಿಯರ್ ಕೋಟ್ ಇದೆ. ಅದು ಮಂಕಾಗಿದ್ದರೆ ಪಾಲಿಶ್‌ಗೆ ಬಗ್ಗುತ್ತದೆ, ಪೊರೆ ಎದ್ದಿದ್ದರೆ ಬಗ್ಗುವುದಿಲ್ಲ. ಉಜ್ಜಿದ ಜಾಗದಲ್ಲಿ ಪ್ರೈಮರ್‌ನ ಬೂದು ಅಥವಾ ಕಾವಿ ಬಣ್ಣ ಕಂಡರೆ ಅಲ್ಲಿ ಬಣ್ಣ ಮುಗಿದಿದೆ, ಕೈ ನಿಲ್ಲಿಸಿ. ತುಕ್ಕಿನ ಗುಳ್ಳೆ ಎದ್ದಿದ್ದರೆ ಅದು ಪಾಲಿಶ್‌ನ ಕೆಲಸವಲ್ಲ, ಟಿಂಕರಿಂಗ್ ಕೆಲಸ.

ಉಳಿಸಬಹುದಾದ ಬಣ್ಣವನ್ನು ಉಳಿಸುವ ಕ್ರಮ ಹೀಗಿದೆ. ಮೊದಲು ಧಾರಾಳ ನೀರು ಹಾಕಿ ಮಣ್ಣು ಇಳಿಸಿ. ನಾವು ಮಾಡುವ ಹಾಗೆ ಒಣ ಬಟ್ಟೆಯಿಂದ ಧೂಳು ಒರೆಸಿದರೆ ಧೂಳೇ ಉಪ್ಪುಕಾಗದದ ಕೆಲಸ ಮಾಡುತ್ತದೆ. ಬಟ್ಟೆ ಸೋಪಿನ ಪುಡಿ, ತೆಂಗಿನ ನಾರು ಬೇಡ. ಗಿಡದ ಅಂಟು, ಹಕ್ಕಿ ಹಿಕ್ಕೆ ನೆನೆಸಿ ತೆಗೆಯಿರಿ. ಆಮೇಲೆ ಅತಿ ನುಣುಪಿನ ಪಾಲಿಶ್‌ನಿಂದ ಶುರು ಮಾಡಿ, ಸಾಲದಿದ್ದರೆ ಮಾತ್ರ ರಬ್ಬಿಂಗ್ ಕಾಂಪೌಂಡ್‌ಗೆ ಹೋಗಿ. ಒಂದು ಸಲಕ್ಕೆ ಒಂದೂವರೆ ಅಡಿ ಚೌಕದಷ್ಟು ಜಾಗ ಸಾಕು. ಬಟ್ಟೆಗೆ ಬಣ್ಣ ತುಂಬಿದ ಕೂಡಲೇ ಬದಲಿಸಿ. ಕಾಂಪೌಂಡ್ ಬಳಸಿದ ಜಾಗವನ್ನು ಮತ್ತೆ ನುಣುಪಿನ ಪಾಲಿಶ್‌ನಿಂದ ಮುಗಿಸಿ. ಕೊನೆಗೆ ವ್ಯಾಕ್ಸ್.

ಕಾರ್ಖಾನೆಯ ಬಣ್ಣ, ಪ್ರೈಮರ್ ಎಲ್ಲ ಸೇರಿ ಸುಮಾರು 100 ಮೈಕ್ರಾನ್ ದಪ್ಪ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಹೆಚ್ಚುಕಡಿಮೆ ಒಂದು ಕೂದಲಿನಷ್ಟು. ಅಂಚು, ಮಡಿಕೆಗಳಲ್ಲಿ ಇನ್ನೂ ತೆಳು. ಅಲ್ಲಿ ಮಷಿನ್ ಹಿಡಿದರೆ ಕ್ಷಣದಲ್ಲಿ ತಗಡು ಕಾಣುತ್ತದೆ. ಹಳೆಯ ಕಾರಿನ ಅಂಚನ್ನು ಕೈಯಲ್ಲೇ ತಿಕ್ಕಬೇಕು, ಮೆಲ್ಲಗೆ. ಪ್ರತಿ ಸಲ ಉಜ್ಜಿದಾಗ ಬಣ್ಣ ಸ್ವಲ್ಪ ಖರ್ಚಾಗುತ್ತದೆ, ಆದ್ದರಿಂದ ಇದು ವರ್ಷಕ್ಕೆ ನಾಲ್ಕು ಸಲ ಮಾಡುವ ಕೆಲಸವಲ್ಲ. ಒಮ್ಮೆ ಸರಿಯಾಗಿ ಉಜ್ಜಿ, ಮತ್ತೆ ಮತ್ತೆ ವ್ಯಾಕ್ಸ್ ಹಚ್ಚುತ್ತಿರಬೇಕು. ಬ್ರೆಜಿಲ್ ದೇಶದ ಒಂದು ತಾಳೆಯ ಎಲೆಯಿಂದ ಬರುವ ಕಾರ್ನೌಬಾ ಮೇಣ ಇದಕ್ಕೆ ಹಳೆಯ ಕಾಲದಿಂದ ಹೆಸರುವಾಸಿ. ಅದರ ಮುಖ್ಯ ಕೆಲಸ ನೀರು, ಕೊಳೆ ನಿಲ್ಲದಂತೆ ನೋಡಿಕೊಳ್ಳುವುದು. ಬಿಸಿಲಿಗೆ ನೆರಳೇ ಮದ್ದು.

ಡೀಸೆಲ್ ಅಥವಾ ಸೀಮೆಎಣ್ಣೆ ಒರೆಸುವ ರೂಢಿ ನಮ್ಮಲ್ಲಿದೆ. ಒರೆಸಿದ ಕೂಡಲೇ ಹೊಳೆಯುವುದು ನಿಜ, ಎಣ್ಣೆ ಒರಟು ಮೇಲ್ಮೈಯ ಸಂದು ತುಂಬುತ್ತದೆ. ಎರಡು ದಿನಕ್ಕೆ ಅದು ಆರುತ್ತದೆ, ಧೂಳು ಹಿಡಿಯುತ್ತದೆ, ಸತ್ತ ಪದರ ಹಾಗೇ ಉಳಿಯುತ್ತದೆ.

ಪೇಂಟರ್‌ನ ಪುಪ್ಪುಸ

ಫುಲ್ ಪೇಂಟ್ ಬೇಡ ಎನ್ನಲು ಹಣ ಒಂದೇ ಕಾರಣವಲ್ಲ. ಬಣ್ಣದ ಚರಿತ್ರೆಯಲ್ಲಿ ಬಣ್ಣ ಹೊಡೆದವರ ಆರೋಗ್ಯದ ಕಥೆಯೂ ಸೇರಿದೆ.

ಹಿಂದೆ ಒಣ ಉಪ್ಪುಕಾಗದದಿಂದಲೇ ಕಾರು ಉಜ್ಜುತ್ತಿದ್ದರು. ಸೀಸ ಬೆರೆತ ಬಣ್ಣದ ಧೂಳು ಕೆಲಸಗಾರರ ಮೂಗಿಗೆ ಹೋಗುತ್ತಿತ್ತು. ಅಮೆರಿಕದ 3ಎಂ ಕಂಪನಿ 1921ರಲ್ಲಿ ನೀರಿನಲ್ಲಿ ನೆನೆದರೂ ಹಾಳಾಗದ ಉಪ್ಪುಕಾಗದವನ್ನು ಮಾರುಕಟ್ಟೆಗೆ ತಂದಿತು. ಕಂಡುಹಿಡಿದವರು ಫ್ರಾನ್ಸಿಸ್ ಓಕಿ. ನಮ್ಮ ಪೇಂಟರ್‌ಗಳು 'ವಾಟರ್ ಪೇಪರ್' ಎನ್ನುವುದು ಇದನ್ನೇ. ಅದು ಧೂಳನ್ನು ನೀರಿನಲ್ಲೇ ಕೂರಿಸಿತು. ಅದೇ ಕಂಪನಿಯ ರಿಚರ್ಡ್ ಡ್ರೂ ಗ್ಯಾರೇಜುಗಳಿಗೆ ಆ ಕಾಗದ ಒಯ್ಯುತ್ತಿದ್ದಾಗ ಎರಡು ಬಣ್ಣದ ಕಾರು ಮಾಡುವವರ ಪಾಡು ನೋಡಿದರು. ಗೆರೆ ಕಾಯಲು ಅಂಟಿಸಿದ ಕಾಗದ ಕೀಳುವಾಗ ಹೊಸ ಬಣ್ಣವೂ ಕಿತ್ತುಬರುತ್ತಿತ್ತು. 1925ರಲ್ಲಿ ಅವರು ಮಾಸ್ಕಿಂಗ್ ಟೇಪ್ ತಯಾರಿಸಿದರು.

ನಮ್ಮ ದೇಶದಲ್ಲಿ ಮನೆ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ 2016ರಲ್ಲಿ ಬಂತು, 2017ರ ನವೆಂಬರಿನಿಂದ ಜಾರಿಯಾಯಿತು. ಅದಕ್ಕೂ ಹಿಂದಿನ ಕಾರುಗಳ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ, ಪ್ರೈಮರ್‌ಗಳಲ್ಲಿ ಸೀಸ ಇರಬಹುದು ಎಂದೇ ತಿಳಿಯಬೇಕು. ಮಕ್ಕಳ ಹತ್ತಿರ, ದನದ ಕೊಟ್ಟಿಗೆಯ ಪಕ್ಕ ಒಣ ಉಜ್ಜುವ ಕೆಲಸ ಬೇಡ. ಪಾಲಿಶ್ ಮಾಡಿದ ಬಟ್ಟೆಯನ್ನೂ ಮನೆಯ ಬಟ್ಟೆ ಜೊತೆ ಒಗೆಯಬೇಡಿ.

ಈಗಿನ ಗ್ಯಾರೇಜಿನ ಅಪಾಯ ಬೇರೆ. '2ಕೆ' ಎಂದು ಕರೆಯುವ ಪಾಲಿಯುರೆಥೇನ್ ಬಣ್ಣಕ್ಕೆ ಬೆರೆಸುವ ಹಾರ್ಡ್‌ನರ್‌ನಲ್ಲಿ ಐಸೋಸೈನೇಟ್ ಇರುತ್ತದೆ. ಅದರ ಮಂಜು ಉಸಿರಿಗೆ ಹೋದರೆ ಆಸ್ತಮಾ ಬರಬಹುದು. ಒಮ್ಮೆ ದೇಹಕ್ಕೆ ಒಗ್ಗದಾಯಿತೆಂದರೆ ಆಮೇಲೆ ಸ್ವಲ್ಪವೇ ತಾಗಿದರೂ ಉಸಿರು ಕಟ್ಟುತ್ತದೆ, ಕಸುಬೇ ಬಿಡಬೇಕಾಗುತ್ತದೆ. ಮುಚ್ಚಿದ ಬೂತ್, ಹೊರಗಿನಿಂದ ಶುದ್ಧ ಗಾಳಿ ತರುವ ಮಾಸ್ಕ್ ಇದ್ದಲ್ಲಿ ಮಾಡಬೇಕಾದ ಕೆಲಸ ಅದು. ನಮ್ಮ ತಾಲ್ಲೂಕು ರಸ್ತೆಗಳ ಪಕ್ಕ ಹುಡುಗರು ಕರವಸ್ತ್ರ ಕಟ್ಟಿಕೊಂಡು ಅದನ್ನು ಹೊಡೆಯುತ್ತಾರೆ. ಕರವಸ್ತ್ರ ಆ ಮಂಜನ್ನು ತಡೆಯುವುದಿಲ್ಲ.

ಕೆಲವು ಕಾರುಗಳಿಗೆ ಹೊಸ ಬಣ್ಣ ಬೇಕೇ ಬೇಕು. ಆಗ ಮಾಸ್ಕ್ ಇರುವ ಗ್ಯಾರೇಜನ್ನೇ ಕೇಳಿ, ಅದಕ್ಕೆ ಒಂದಿಷ್ಟು ಹೆಚ್ಚು ಕೊಡಲು ಹಿಂಜರಿಯಬೇಡಿ. ಬಣ್ಣವನ್ನೇ ಬದಲಿಸುವುದಾದರೆ ಆರ್‌ಸಿಯಲ್ಲೂ ಬದಲಾಗಬೇಕು ಎಂಬುದು ನೆನಪಿರಲಿ. ಆದರೆ ಗ್ಯಾರೇಜಿಗೆ ಮುಂಗಡ ಕೊಡುವ ಮೊದಲು ಒಂದು ಬಿಳಿ ಬಟ್ಟೆ, ಒಂದು ಸಣ್ಣ ಡಬ್ಬಿ ಪಾಲಿಶ್ ತಂದು ಅಂಗೈಯಗಲ ಜಾಗ ತಿಕ್ಕಿ ನೋಡಿ. ನಿಮ್ಮೂರಿನಲ್ಲಿ ಕೈಪಾಲಿಶ್ ಗೊತ್ತಿರುವ ಹಿರಿಯ ಪೇಂಟರ್ ಯಾರಾದರೂ ಇದ್ದರೆ ಮೊದಲು ಅವರಿಗೇ ತೋರಿಸಿ. ಬಾನೆಟ್ ಮೇಲೆ ಬೆರಳಾಡಿಸಿ ಎಷ್ಟು ಬಣ್ಣ ಉಳಿದಿದೆ ಎಂದು ಹೇಳಬಲ್ಲವರು ಈಗ ಕಡಿಮೆ. ಆ ಕೆಲಸ ಅವರಿಗೆ ಸಿಕ್ಕಷ್ಟೂ ಪಕ್ಕದಲ್ಲಿ ನಿಂತ ಹುಡುಗನೂ ಅದನ್ನು ಕಲಿಯುತ್ತಾನೆ.